ಜಮಖಾನದ ಮೇಲೆ ಹೊಸ ಚಾಕು: ಅಲಗನ್ನು ಓದುವುದು ಹೇಗೆ?

ಖಂಡೇಪೂಜೆಯ ದಿನ ಬೆಳಗಾವಿಯಲ್ಲಿ ಲಾರಿ, ಲೇತ್, ತಕ್ಕಡಿ ಎಲ್ಲಕ್ಕೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಶಹಾಪುರದಲ್ಲಿರುವ ನಮ್ಮ ಗೆಳೆಯರೊಬ್ಬರ ಪಡಸಾಲೆಯಲ್ಲಿ ಅಂದು ನವಲಗುಂದದ ಹಳೆಯ ಜಮಖಾನ ಹಾಸುತ್ತಾರೆ. ಅದರ ಮೇಲೆ ಚಾಕು, ಈಳಿಗೆ, ಅಡಕೊತ್ತು, ಕುಡುಗೋಲು, ಕ್ಷೌರದ ಕತ್ತಿ ಸಾಲಾಗಿ ಕೂರುತ್ತವೆ. ನಾವು ಆರೇಳು ಜನ ಹುಚ್ಚರು. ವರ್ಷವಿಡೀ ಯಾರು ಏನು ಕೂಡಿಸಿದ್ದಾರೋ ಅದನ್ನು ಅಂದು ತಂದು ಇಡಬೇಕು, ಯಾಕೆ ತಂದೆ ಎಂದು ಹೇಳಬೇಕು. ಕಟ್ಟಳೆ ಒಂದೇ: ಬೆಲೆಯನ್ನು ಕೊನೆಗೆ ಹೇಳಬೇಕು. ಮೊದಲೇ ಹೇಳಿದರೆ ಎಲ್ಲರೂ ಬೆಲೆಯನ್ನೇ ನೋಡುತ್ತಾರೆ, ಅಲಗನ್ನು ಯಾರೂ ನೋಡುವುದಿಲ್ಲ.

ಹೊಸಬರು ಪಕ್ಕದಲ್ಲಿ ಕೂತರೆ ನಮ್ಮ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ. 'ಬಾಯಿ ದಪ್ಪ', 'ಐವತ್ತಾರರದು', 'ಹದ ಹೋಗಿದೆ', 'ಕಮಾನ್ ಪಟ್ಟಿಯದು' ಎಂದೆಲ್ಲ ಹೇಳುತ್ತಿರುತ್ತೇವೆ. ಹೋದ ವರ್ಷ ಒಬ್ಬ ಕಾಲೇಜು ಹುಡುಗ ಹೊಳೆಹೊಳೆಯುವ ಚಾಕು ತಂದಿಟ್ಟಿದ್ದ. ಅಲಗಿನ ತುಂಬ ನೀರಿನ ಅಲೆಗಳಂಥ ಚಿತ್ತಾರ. ನಮ್ಮ ಗುಂಪಿನ ಸುಬೇದಾರರು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಉಗುರಿನ ಮೇಲೆ ಅಲಗಿನ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಮೆಲ್ಲನೆ ಇಟ್ಟು, ಏನೂ ಹೇಳದೆ ಕೆಳಗಿಟ್ಟರು. ಹರಿತವಾದ ಅಲಗು ಉಗುರಿನ ಮೇಲೆ ಕಚ್ಚಿ ನಿಲ್ಲುತ್ತದೆ, ಇದು ಜಾರಿತ್ತು. ಹುಡುಗನ ಮುಖ ಬಾಡಿತು. ಅವನಿಗೆ ಅಂದು ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ.

ಮೊದಲು ಲೋಹದ ಮಾತು. ಕಬ್ಬಿಣವನ್ನು ಉಕ್ಕು ಮಾಡುವುದು ಇಂಗಾಲ. ಗೇಟು, ಕಿಟಕಿ ಸರಳುಗಳ ಮೆದು ಕಬ್ಬಿಣದಲ್ಲಿ ಅದು ನೂರಕ್ಕೆ ಕಾಲು ಭಾಗವೂ ಇರುವುದಿಲ್ಲ. ಅಂಥದ್ದನ್ನು ಎಷ್ಟೇ ಕಾಯಿಸಿ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಜಾತ್ರೆಯಲ್ಲಿ ಆಟಿಕೆಗಳ ಪಕ್ಕ ಸಿಗುವ ಅಗ್ಗದ ಚಾಕುಗಳು ಎರಡು ದಿನಕ್ಕೆ ಮೊಂಡಾಗುವುದು ಇದೇ ಕಾರಣಕ್ಕೆ. ಲಾರಿಯ ಕಮಾನ್ ಪಟ್ಟಿಯಲ್ಲಿ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಯಲ್ಲಿ) ಇಂಗಾಲ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ, ಬೇರಿಂಗ್ ಉಕ್ಕಿನಲ್ಲಿ ಸುಮಾರು 1, ಲೋಹ ಉಜ್ಜುವ ಒಳ್ಳೆಯ ಹಳೆಯ ಅರದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನಮ್ಮ ಕಡೆಯ ಕಂಬಾರರು ಕುಡುಗೋಲು, ಕಬ್ಬು ಕಡಿಯುವ ಕೊಯ್ತಾಗಳಿಗೆ ಗುಜರಿಯ ಕಮಾನ್ ಪಟ್ಟಿಯನ್ನೇ ಹುಡುಕುವುದು ಅಗ್ಗವೆಂದು ಮಾತ್ರವಲ್ಲ. ಸಾವಿರಾರು ಸಲ ಬಾಗಿದರೂ ಮುರಿಯಬಾರದೆಂದೇ ತಯಾರಾದ ಉಕ್ಕು ಅದು, ಕಲ್ಲಿಗೆ ಬಡಿದರೂ ಸಿಡಿಯುವುದಿಲ್ಲ.

ಯಾವ ಉಕ್ಕು ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿದರೆ ಸಾಕು. ಮೆದು ಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹೋಗಿ ಸುಮ್ಮನೆ ಆರುತ್ತದೆ. ಇಂಗಾಲ ಹೆಚ್ಚಿದ ಉಕ್ಕಿನದು ಸುರುಸುರುಬತ್ತಿಯಂತೆ ಕವಲೊಡೆದು ಹೂ ಬಿಡುತ್ತದೆ. ಲೇತಿನ ಕಟಿಂಗ್ ಟೂಲ್‌ಗಳ ಹೈಸ್ಪೀಡ್ ಉಕ್ಕಿನದು ಮಂಕು ಕೆಂಪು, ಹೂವೇ ಕಾಣದಷ್ಟು ಕಡಿಮೆ. ಉದ್ಯಮಬಾಗದಲ್ಲಿ ಲೇತ್ ನಡೆಸುವ ನಮ್ಮ ಗೆಳೆಯರು ಕಿಡಿ ನೋಡಿ ಹೇಳಿದ್ದು ನಾನು ಕಂಡಂತೆ ಒಮ್ಮೆಯೂ ತಪ್ಪಿಲ್ಲ.

ಆದರೆ ಒಳ್ಳೆಯ ಉಕ್ಕು ಸಿಕ್ಕಿತೆಂದರೆ ಒಳ್ಳೆಯ ಚಾಕು ಸಿಕ್ಕಿತೆಂದಲ್ಲ. ನಿಜವಾದ ಕೆಲಸ ಹದದಲ್ಲಿದೆ. ಹೊಲಕ್ಕೆ, ಹೋಳಿಗೆಯ ಕಣಕಕ್ಕೆ, ಉಕ್ಕಿಗೆ ಮೂರಕ್ಕೂ ಕನ್ನಡದಲ್ಲಿ ಒಂದೇ ಪದ, ಅದೂ ಸರಿಯಾದ ಪದ.

ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗಿ ಇಂಗಾಲಕ್ಕೆ ನಡುನಡುವೆ ಜಾಗ ಸಿಗುತ್ತದೆ. ನಿಧಾನವಾಗಿ ತಣಿದರೆ ಹಳೆಯ ಜೋಡಣೆ ಮರಳುತ್ತದೆ, ಇಂಗಾಲ ಹೊರಬಿದ್ದು ಬೇರೆ ಕಣಗಳಾಗಿ ಕೂರುತ್ತದೆ, ಉಕ್ಕು ಮೆದುವಾಗುತ್ತದೆ. ತಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಇಂಗಾಲಕ್ಕೆ ಹೊರಬೀಳಲು ಸಮಯವೇ ಸಿಗದೆ ಅಲ್ಲಲ್ಲೇ ಸಿಕ್ಕಿಬೀಳುತ್ತದೆ. ಭರತ ಹುಣ್ಣಿಮೆಗೆ ಸವದತ್ತಿಗೆ ಹೊರಟ ಬಸ್ಸನ್ನು ನೆನೆಯಿರಿ. ಒಬ್ಬರನ್ನು ಸರಿಸಿ ಇನ್ನೊಬ್ಬರು ಮುಂದೆ ಹೋಗಲಾರರು. ಲೋಹ ಬಾಗುವುದೆಂದರೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದು. ಜಾರಲು ಜಾಗವಿಲ್ಲವಾದ್ದರಿಂದ ಉಕ್ಕು ಗಟ್ಟಿಯಾಯಿತು. ಜೊತೆಗೆ ಗಾಜಿನಂತೆ ಸಿಡುಕೂ ಆಯಿತು: ಕೈಜಾರಿ ಫರಸಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಆದ್ದರಿಂದ ಮತ್ತೆ 200 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಕೆಲವರನ್ನು ಬಸ್ಸಿನಿಂದ ಇಳಿಸಬೇಕು. ಗಡಸುತನ ಕೊಂಚ ಇಳಿಯುತ್ತದೆ, ತಾಳಿಕೆ ಬರುತ್ತದೆ. ಈ ಎರಡನೆಯ ಕಾಯಿಸುವಿಕೆಯೇ ಹದ ಹಾಕುವುದು.

ಬೈಲಹೊಂಗಲದ ರಸ್ತೆಯಲ್ಲಿ ಒಂದು ಹಳ್ಳಿಯ ಕುಲುಮೆಯಲ್ಲಿ ಈ ಎರಡೂ ಕೆಲಸ ಒಂದೇ ಉಸಿರಿನಲ್ಲಿ ಆಗುವುದನ್ನು ನೋಡಿದ್ದೇನೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಉಳಿದದ್ದೆಲ್ಲ ಹಳೆಯದೇ. ಕಂಬಾರಜ್ಜ ಕುಡುಗೋಲನ್ನು ಕಾಯಿಸಿ ಇಕ್ಕಳದಲ್ಲಿ ಹಿಡಿದು ಬಾಯಿಯ ಕಡೆಯ ಎರಡು ಬೆರಳಿನಷ್ಟನ್ನು ಮಾತ್ರ ನೀರಿಗೆ ಮುಟ್ಟಿಸಿದ. ಬೆನ್ನು ಇನ್ನೂ ಮಂಕು ಕೆಂಪಗಿತ್ತು. ತಕ್ಷಣ ಹೊರಗೆಳೆದು ಇಟ್ಟಂಗಿಯ ಚೂರಿನಿಂದ ಬಾಯಿಯನ್ನು ಉಜ್ಜಿದ, ಬಿಳಿಯ ಉಕ್ಕು ಕಂಡಿತು. ಆಮೇಲೆ ಕಾಯುವುದಷ್ಟೇ ಕೆಲಸ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯತೊಡಗಿತು, ಅದರ ಮುಂದೆ ಬಣ್ಣಗಳೂ ಹರಿದವು: ಮೊದಲು ತಿಳಿ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ನೇರಳೆ, ಕಡೆಗೆ ನೀಲಿ.

'ಕಣಿಕೆಯ ಬಣ್ಣ ಬಾಯಿಗೆ ಬಂತೇನು, ನೋಡು ತಮ್ಮಾ' ಎಂದ ಅಜ್ಜ. ನಾನು ಹೂಂ ಎನ್ನುವ ಮೊದಲೇ ಕುಡುಗೋಲು ಪೂರ್ತಿ ನೀರಿನಲ್ಲಿತ್ತು.

ಆ ಬಣ್ಣ ಉಕ್ಕಿನ ಮೇಲೆ ಕಟ್ಟುವ ಆಕ್ಸೈಡಿನ ತೆಳು ಪದರದ್ದು. ಕಾವು ಏರಿದಂತೆ ಪದರ ದಪ್ಪವಾಗುತ್ತದೆ, ನೀರಿನ ಮೇಲೆ ತೇಲುವ ಎಣ್ಣೆಯಂತೆ ಬೇರೆ ಬೇರೆ ಬಣ್ಣ ತೋರಿಸುತ್ತದೆ. ಒಣಗಿದ ಜೋಳದ ಕಣಿಕೆಯ ಬಣ್ಣವೆಂದರೆ ಸುಮಾರು 220 ಡಿಗ್ರಿ, ನೀಲಿ ಎಂದರೆ 300ರ ಆಸುಪಾಸು. ಅಜ್ಜನ ಬಳಿ ಉಷ್ಣಮಾಪಕ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೀಗೆ ಮಾಡಿದ ಕುಡುಗೋಲಿನ ಬಾಯಿ ಗಟ್ಟಿ, ಬೆನ್ನು ಮೆದು. ನೇಪಾಳದ ಕುಕ್ರಿ ತಯಾರಕರು ಕೆಟಲಿನಿಂದ ಬಾಯಿಯ ಉದ್ದಕ್ಕೂ ನೀರು ಸುರಿದು ಇದನ್ನೇ ಸಾಧಿಸುತ್ತಾರೆ. ಅವರೂ ಲಾರಿಯ ಕಮಾನ್ ಪಟ್ಟಿಯನ್ನೇ ಹೆಚ್ಚಾಗಿ ಬಳಸುವುದು. ಸುಬೇದಾರರ ಸಂಗ್ರಹದ ಕುಕ್ರಿಯನ್ನು ನಮ್ಮ ಕುಡುಗೋಲಿನ ಪಕ್ಕದಲ್ಲಿಟ್ಟರೆ ಒಂದೇ ಮನೆತನದವು ಎಂದು ತಕ್ಷಣ ತಿಳಿಯುತ್ತದೆ.

ಬಣ್ಣದ ಪಾಠವನ್ನು ನಾನು ಕಲಿತದ್ದು ಮಾತ್ರ ಕೈಸುಟ್ಟುಕೊಂಡೇ. ಅಜ್ಜಿಯ ಕಾಲದ ಒಂದು ಚಾಕುವಿಗೆ ಹೊಸ ಬಾಯಿ ಕೊಡುತ್ತೇನೆಂದು ಬೆಂಚ್ ಗ್ರೈಂಡರಿಗೆ ಹಿಡಿದೆ. ಒತ್ತಿ ಹಿಡಿದೆ, ನೀರಿಗೆ ಅದ್ದಲು ಮರೆತೆ. ಮೊನೆಯ ಬಳಿ ನವಿಲಿನ ಕತ್ತಿನಂಥ ಚೆಂದದ ನೀಲಿ ಬಂತು. ಚೆಂದವೆಂದುಕೊಂಡು ಮುಂದುವರಿಸಿದೆ. ಆ ಒಂದು ಅಂಗುಲ ಈಗ ಉಳ್ಳಾಗಡ್ಡಿಯ ಸಿಪ್ಪೆಗೂ ಮಣಿಯುತ್ತದೆ. ತೆಳುವಾದ ಬಾಯಿ ಕ್ಷಣದಲ್ಲಿ 300 ಡಿಗ್ರಿ ಮುಟ್ಟುತ್ತದೆ, ಅರ್ಧ ಬಸ್ಸು ಖಾಲಿಯಾಗುತ್ತದೆ, ಆಮೇಲೆ ಮಸೆದು ಪ್ರಯೋಜನವಿಲ್ಲ. ಮತ್ತೆ ಮೊದಲಿನಿಂದ ಕಾಯಿಸಬೇಕು. ಅದನ್ನು ಈಗಲೂ ಜಮಖಾನದ ತುದಿಯಲ್ಲಿ ಇಡುತ್ತೇನೆ, ಹೊಸಬರಿಗೆ ತೋರಿಸಲು.

ಇದೇ ತಪ್ಪು ಲೇತ್ ಗೆಳೆಯರ ಚಾಕುವಿಗೆ ಏನೂ ಮಾಡುವುದಿಲ್ಲ. ಕಾರ್ಖಾನೆಗಳಲ್ಲಿ ದಪ್ಪ ಸರಳುಗಳನ್ನು ಕತ್ತರಿಸುವ ಪವರ್ ಹ್ಯಾಕ್ಸಾದ ಸವೆದ ಬ್ಲೇಡನ್ನು ಉಜ್ಜಿ ಅವರು ಚಾಕು ಮಾಡಿದ್ದಾರೆ. ಅದು ಹೈಸ್ಪೀಡ್ ಉಕ್ಕು. ಟಂಗ್‌ಸ್ಟನ್, ಮಾಲಿಬ್ಡಿನಮ್ ಬೆರೆತದ್ದು. ಅದಕ್ಕೆ ಹದ ಹಾಕುವುದೇ 550 ಡಿಗ್ರಿಯ ಸುಮಾರಿಗೆ, ಆದ್ದರಿಂದ ಗ್ರೈಂಡರಿನ ನೀಲಿಗೆ ಅದು ಜಗ್ಗುವುದಿಲ್ಲ. ಆದರೆ ಅದನ್ನು ಹಳ್ಳಿಯ ಕುಲುಮೆಗೆ ಒಯ್ದು ಬಡಿಸಿದರೆ ಕೆಡುತ್ತದೆ, ಉಜ್ಜಿಯೇ ಆಕಾರ ಕೊಡಬೇಕು. ಕೈಗರಗಸದ ಅಗ್ಗದ ಬ್ಲೇಡ್ ತಂದು ಇದನ್ನೇ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು: ಅವುಗಳಲ್ಲಿ ಬಹಳಷ್ಟರ ಹಲ್ಲಿನ ಅಂಚು ಮಾತ್ರ ಗಟ್ಟಿ. ಹಲ್ಲು ಉಜ್ಜಿ ತೆಗೆದರೆ ಉಳಿಯುವುದು ಬರೀ ಪಟ್ಟಿ.

ಇನ್ನು 'ಐವತ್ತಾರರದು' ಎಂಬ ಮಾತು. ಇದು ರಾಕ್‌ವೆಲ್ ಸಿ ಅಳತೆ. ವಜ್ರದ ಮೊನೆಯನ್ನು 150 ಕಿಲೋ ಭಾರದಿಂದ ಉಕ್ಕಿನ ಮೇಲೆ ಒತ್ತಿ ಎಷ್ಟು ಆಳಕ್ಕೆ ಇಳಿಯಿತು ಎಂದು ನೋಡುತ್ತಾರೆ. ಕಡಿಮೆ ಇಳಿದರೆ ಅಂಕಿ ದೊಡ್ಡದು. ಸ್ವಿಸ್ ಜೇಬುಚಾಕುವಿನ ಅಲಗು 56ರ ಸುಮಾರು, ಜರ್ಮನಿಯ ಅಡುಗೆ ಚಾಕುಗಳು 55ರಿಂದ 58, ಜಪಾನಿನ ಅನೇಕ ಚಾಕುಗಳು 60 ದಾಟುತ್ತವೆ. ಸಂಗ್ರಹಕಾರರಲ್ಲಿ ಅಂಕಿಯ ಹುಚ್ಚು ಹಿಡಿದವರಿದ್ದಾರೆ, 62 ಎಂದರೆ 58ಕ್ಕಿಂತ ಶ್ರೇಷ್ಠವೆಂದೇ ಅವರ ನಂಬಿಕೆ. ನನಗೆ ಒಪ್ಪಿಗೆಯಿಲ್ಲ. 62ರ ಚಾಕು ಹರಿತವನ್ನು ಹೆಚ್ಚು ದಿನ ಹಿಡಿದಿಡುತ್ತದೆ ನಿಜ, ಅದರಿಂದ ಒಣಕೊಬ್ಬರಿ ಒಡೆಯಲು ಹೋದರೆ ಬಾಯಿಯ ಚೂರು ಹಾರುತ್ತದೆ. 56ರದು ಬೇಗ ಮೊಂಡಾಗುತ್ತದೆ, ನಾಲ್ಕು ಎಳೆತಕ್ಕೆ ಮತ್ತೆ ಸರಿಯಾಗುತ್ತದೆ. ಸೈನಿಕನ ಜೇಬಿಗೆಂದು ಹುಟ್ಟಿದ ಚಾಕುವಿಗೆ ಇದೇ ಸರಿ. ಚಾಕು ತಯಾರಕ ಕಾರ್ಲ್ ಎಲ್ಸೆನರ್ ಸ್ವಿಸ್ ಸೈನ್ಯಕ್ಕೆ ಚಾಕು ಕೊಡತೊಡಗಿದ್ದು 1891ರಲ್ಲಿ. ತುಕ್ಕು ಹಿಡಿಯದ ಉಕ್ಕು ಆಮೇಲಿನದು: ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಅದನ್ನು ಕರಗಿಸಿದ್ದು 1913ರಲ್ಲಿ, ಸುಮಾರು 13 ಶೇಕಡಾ ಕ್ರೋಮಿಯಂ ಸೇರಿಸಿ. ತುಕ್ಕಿಲ್ಲದ ಉಕ್ಕನ್ನು ಸ್ವಿಟ್ಜರ್ಲೆಂಡಿನವರು ಇನಾಕ್ಸ್ ಎನ್ನುತ್ತಾರೆ. ಎಲ್ಸೆನರ್ ತಾಯಿಯ ಹೆಸರು ವಿಕ್ಟೋರಿಯಾ. ಎರಡೂ ಕೂಡಿ ಅವನ ಕಂಪನಿಯ ಹೆಸರು ವಿಕ್ಟೋರಿನಾಕ್ಸ್ ಆಯಿತು.

ಈಗ ಹುಡುಗನ ಅಲೆಚಿತ್ತಾರದ ಚಾಕು. ಡಮಾಸ್ಕಸ್ ಎಂಬ ಒಂದೇ ಹೆಸರಿನಲ್ಲಿ ಇಂದು ಮೂರು ಬೇರೆ ವಸ್ತುಗಳು ಮಾರಾಟವಾಗುತ್ತವೆ. ಸಾದಾ ಅಲಗಿನ ಮೇಲೆ ಲೇಸರಿನಿಂದಲೋ ಆಸಿಡ್ಡಿನಿಂದಲೋ ಬರೆದ ಚಿತ್ತಾರ ಒಂದು. ನುಣುಪು ಮರಳುಕಾಗದದಿಂದ ಒಂದು ಮೂಲೆಯನ್ನು ಉಜ್ಜಿದರೆ ಅಳಿಸಿಹೋಗುತ್ತದೆ, ಮತ್ತೆ ಆಸಿಡ್ ಹಚ್ಚಿದರೂ ಮೇಲೇಳುವುದಿಲ್ಲ. ಹುಡುಗನದು ಇದೇ. ಎರಡನೆಯದು ನಿಜವಾದ ಪದರಗಳದ್ದು: ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದಿಟ್ಟು ಕಾಯಿಸಿ, ಬಡಿದು ಬೆಸೆದು, ಮಡಚಿ, ಮತ್ತೆ ಬಡಿದದ್ದು. ಒಂದರಲ್ಲಿ ನಿಕಲ್ ಇರುತ್ತದೆ, ಅದು ಆಸಿಡ್ಡಿಗೆ ಹೊಳೆಯುತ್ತಲೇ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಚೆಂದದ ಕೈಚಳಕ, ಅನುಮಾನವಿಲ್ಲ, ಆದರೆ ಚಿತ್ತಾರದಿಂದ ಹರಿತ ಹೆಚ್ಚುವುದಿಲ್ಲ.

ಮೂರನೆಯದು ನಮ್ಮದು. ಮಧ್ಯಯುಗದ ಡಮಾಸ್ಕಸ್ ಖಡ್ಗಗಳ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಹುಟ್ಟುತ್ತಿತ್ತು. ಕಬ್ಬಿಣದ ಚೂರು, ಆವರಿಕೆಯ ಕಟ್ಟಿಗೆ, ಎಕ್ಕೆಯ ಎಲೆಯನ್ನು ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ತಾಸುಗಟ್ಟಲೆ ಉರಿಸುತ್ತಿದ್ದರು. ಎಲೆ, ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಸುಮಾರು ಒಂದೂವರೆ ಶೇಕಡಾ ಇಂಗಾಲದ ಗಟ್ಟಿ ಸಿಗುತ್ತಿತ್ತು. ಅದನ್ನು ಕಡಿಮೆ ಕಾವಿನಲ್ಲಿ ತಾಳ್ಮೆಯಿಂದ ಬಡಿದರೆ ಅಲಗಿನೊಳಗಿಂದಲೇ ನೀರಿನ ಗೆರೆಗಳು ಏಳುತ್ತಿದ್ದವು. ಮಡಚಿದ್ದಲ್ಲ, ಬರೆದದ್ದಲ್ಲ, ಉಕ್ಕು ಗಟ್ಟಿಯಾಗುವಾಗ ತಾನೇ ಕಟ್ಟಿಕೊಂಡದ್ದು. ಜಾರ್ಜ್ ಪಿಯರ್‌ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು 'ವೂಟ್ಜ್' ಎಂದು ಕರೆದ. ಕನ್ನಡದ 'ಉಕ್ಕು' ಅವರ ಕಿವಿಗೂ ಲೇಖನಿಗೂ ಸಿಕ್ಕಿ ಹೀಗಾಯಿತೆಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಮುಂದೆ ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ಹುಡುಕುತ್ತ ಕೆಲವು ವರ್ಷ ಕಳೆದ. ಗೆರೆಗಳಿಗೆ ವೆನೇಡಿಯಂನಂಥ ಲೋಹದ ಅತಿ ಸಣ್ಣ ಅಂಶ ಕಾರಣವೆಂದು ಅಮೆರಿಕದ ಲೋಹವಿಜ್ಞಾನಿ ವರ್ಹೋವನ್ ಮತ್ತು ಕಂಬಾರ ಪೆಂಡ್ರೆ ತೋರಿಸಿದ್ದು 20ನೆಯ ಶತಮಾನದ ಕಡೆಗೆ. ದಖ್ಖನಿನ ಶಸ್ತ್ರಗಳ ಆಕಾರ ನೋಡಬೇಕೆಂದರೆ ವಿಜಯಪುರದ ಗೋಲ್ ಗುಂಬಜ್ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಉಕ್ಕು, ಹದ ಎರಡೂ ಸರಿಯಿದ್ದು ಚಾಕು ಕೊಯ್ಯದಿದ್ದರೆ ತಪ್ಪು ಆಕಾರದ್ದು. ಕೊಯ್ಯುವುದೆಂದರೆ ಬೆಣೆ ಹೊಡೆಯುವುದು. ಬೆಣೆ ತೆಳುವಾದಷ್ಟೂ ಸಲೀಸು, ದಪ್ಪವಾದಷ್ಟೂ ಬಾಳಿಕೆ. ಜಪಾನಿ ಅಡುಗೆ ಚಾಕುವಿನ ಬಾಯಿ ಪ್ರತಿ ಬದಿಗೆ ಸುಮಾರು 15 ಡಿಗ್ರಿ, ಯುರೋಪಿನದು 20, ಕೊಡಲಿಯದು 25ಕ್ಕೂ ಮೇಲೆ. ಅಗ್ಗದ ಹೊಸ ಚಾಕುಗಳಲ್ಲಿ ಬಾಯಿ ಹರಿತವಿದ್ದರೂ ಅದರ ಹಿಂದಿನ ಅಲಗು ದಪ್ಪ. ಗಜ್ಜರಿಯನ್ನು ಕೊಯ್ಯುವ ಬದಲು ಸೀಳಿ ಟಕ್ಕೆಂದು ಒಡೆಯುತ್ತದೆ. ಕ್ಷೌರದ ಕತ್ತಿಯ ಎರಡೂ ಬದಿ ಒಳಗೆ ಬಾಗಿ ಟೊಳ್ಳಾಗಿರುವುದು ಬಾಯಿ ಕಾಗದಕ್ಕಿಂತ ತೆಳುವಾಗಲೆಂದು, ಅದು ಕೂದಲನ್ನಲ್ಲದೆ ಬೇರೇನನ್ನೂ ಕತ್ತರಿಸಬೇಕಿಲ್ಲ.

ಈಳಿಗೆಯ ಜಾಣತನ ಬೇರೆಯದೇ. ಅಲ್ಲಿ ಅಲಗು ಕೂತಿರುತ್ತದೆ, ಕಾಯಿ ಚಲಿಸುತ್ತದೆ. ಮಣೆಯನ್ನು ಕಾಲು ಹಿಡಿದಿರುವುದರಿಂದ ಎರಡೂ ಕೈ ಬಿಡುವು. ಬಾಗಿದ ಅಲಗಿನ ಮೇಲೆ ಬದನೆಕಾಯಿಯನ್ನು ಒತ್ತುತ್ತ ಜಾರಿಸಿದಾಗ ಒತ್ತಡಕ್ಕೆ ಎಳೆತವೂ ಕೂಡುತ್ತದೆ. ಬರೀ ಒತ್ತಿದರೆ ಜಜ್ಜಿಹೋಗುವ ಹಣ್ಣಾದ ಟೊಮೆಟೊ ಎಳೆದರೆ ನೀಟಾಗಿ ಸೀಳುತ್ತದೆ. ನಮ್ಮ ಗುಂಪಿನ ನಿವೃತ್ತ ಶಿಕ್ಷಕಿ ಅಡಕೊತ್ತುಗಳನ್ನು ಕೂಡಿಸುತ್ತಾರೆ, ಗಿಳಿ, ನವಿಲು, ಕುದುರೆಯ ಆಕಾರದ ಹಿತ್ತಾಳೆ ಹಿಡಿಯವು. ಪುಣೆಯ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕೊತ್ತುಗಳನ್ನು ನೋಡಿ ಹತ್ತಿದ ಗೀಳು ಅದು. ಆದರೆ ಅವರು ಕೊಳ್ಳುವಾಗ ಗಿಳಿಯನ್ನು ನೋಡುವುದಿಲ್ಲ, ಜೇಬಿನಿಂದ ಒಂದು ಗೋಟಡಿಕೆ ತೆಗೆದು ಕತ್ತರಿಸಿ ಹೋಳಿನ ಮೈ ನೋಡುತ್ತಾರೆ. ಮೈ ನುಣ್ಣಗಿರಬೇಕು, ಪುಡಿ ಬೀಳಬಾರದು.

ಮಸೆಯುವುದರ ಬಗ್ಗೆ ಒಂದೇ ಮಾತು: ಕೋನ ಕದಲಬಾರದು. 1000 ನಂಬರಿನ ಕಲ್ಲೊಂದಿದ್ದರೆ ಮನೆಗೆ ಸಾಕು. ಒಂದು ಬದಿಯನ್ನು ಉಜ್ಜುತ್ತ ಹೋದರೆ ಇನ್ನೊಂದು ಬದಿಯಲ್ಲಿ ಬೆರಳಿಗೆ ತಾಗುವ ಸಣ್ಣ ಎಳೆ ಏಳುತ್ತದೆ, ಕಾರ್ಖಾನೆಯವರು ಬರ್ ಎನ್ನುತ್ತಾರೆ. ಅದು ಏಳುವವರೆಗೆ ಬದಿ ಬದಲಿಸಬಾರದು. ಎದ್ದ ಮೇಲೆ ತೊಗಲಿನ ಪಟ್ಟಿಗೆ ಎಳೆದು ತೆಗೆಯಬೇಕು.

ಬೆಳಗಾವಿಯ ಸಂಗ್ರಹಕಾರನಿಗೆ ಶತ್ರು ಮಳೆಗಾಲ. ವಿಜಯಪುರದ ಗೆಳೆಯರು ಚಾಕುವನ್ನು ಗೂಡಿನಲ್ಲಿ ಹಾಗೇ ಬಿಟ್ಟು ಮರೆಯಬಹುದು, ನಮ್ಮಲ್ಲಿ ಜುಲೈ ತಿಂಗಳು ಹಾಗೆ ಬಿಡುವುದಿಲ್ಲ. ತೊಗಲಿನ ಒರೆಯಲ್ಲಿ ಇಡಲೇಬಾರದು, ತೊಗಲು ತೇವ ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ. ಖಂಡೇಪೂಜೆಯ ಒದ್ದೆ ಕುಂಕುಮವನ್ನೂ ಅಂದೇ ಒರೆಸಬೇಕು. ಎಣ್ಣೆ ಹಚ್ಚುವಾಗ ಅಡುಗೆಮನೆಯ ಕುಸುಬೆ ಎಣ್ಣೆಗೆ ಕೈಹಾಕಬೇಡಿ. ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಮಡಚುವ ಚಾಕುವಿನ ಕೀಲಿಗೆ ಇಳಿದರೆ ತೆಗೆಯುವುದು ಕಷ್ಟ. ಅಲಗಿಗೆ ಹೊಲಿಗೆ ಯಂತ್ರದ ಎಣ್ಣೆ, ಮರದ ಹಿಡಿಗೆ ಅಗಸೆ ಎಣ್ಣೆ. ಒಣಗಿ ಗಟ್ಟಿಯಾಗುವ ಗುಣವೇ ಮರಕ್ಕೆ ಒಳ್ಳೆಯದು. ಫ್ರಾನ್ಸಿನ ಸಾವೊಯ್ ಪ್ರಾಂತದಲ್ಲಿ 1890ರಲ್ಲಿ ಹುಟ್ಟಿದ ಓಪಿನೆಲ್ ಚಾಕು ನನ್ನಲ್ಲೊಂದಿದೆ, 8ನೆಯ ನಂಬರಿನದು, ಬೀಚ್ ಮರದ ಹಿಡಿ. ಮಳೆ ಹಿಡಿದರೆ ಮರ ಉಬ್ಬಿ ಅಲಗು ಹೊರಗೇ ಬರುವುದಿಲ್ಲ. ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿದರೆ ಅಲಗಿನ ಬೆನ್ನು ಇಣುಕುತ್ತದೆ. ಸಾವೊಯ್ ರೈತರೂ ಹೀಗೇ ಮಾಡುತ್ತಿದ್ದರಂತೆ. ಮಾವಿನಕಾಯಿ, ನಿಂಬೆ ಕೊಯ್ದು ಅಲಗು ಬೂದಿನೀಲಿಯಾದರೆ ಗಾಬರಿ ಬೇಡ, ಆ ಪದರ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಉಜ್ಜಿ ಹೊಳಪು ತರುವವರನ್ನು ಕಂಡರೆ ನನಗೆ ಸಂಕಟ.

ಕಾನೂನನ್ನೂ ತಿಳಿದಿರಬೇಕು. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದರೆ, ಮನೆಬಳಕೆ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಗೆಂದು ತಯಾರಾದದ್ದಲ್ಲದಿದ್ದರೆ, ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿರುವ ಶಸ್ತ್ರಗಳ ಪಟ್ಟಿಗೆ ಬರುತ್ತದೆ. ನಾವು ಯಾರೂ ಅಂಥದ್ದನ್ನು ಕೊಳ್ಳುವುದಿಲ್ಲ. ಸಂತೆಗೆ, ಮೆರವಣಿಗೆಗೆ ಸೊಂಟದಲ್ಲಿ ಚಾಕು ಸಿಕ್ಕಿಸಿ ಹೋಗುವವರಿಗೆ ನಮ್ಮ ಜಮಖಾನದ ಮೇಲೆ ಜಾಗವೂ ಇಲ್ಲ.

ಈ ವರ್ಷ ನಾನು ಇಡಲಿರುವುದು ಒಂದು ಕಬ್ಬಿನ ಕೊಯ್ತಾ. ಹಂಗಾಮಿಗೆ ವಿಜಯಪುರದ ಕಡೆಯಿಂದ ಬಂದಿದ್ದ ತಂಡದ ಹೆಣ್ಣುಮಗಳೊಬ್ಬರ ಕೈಯಲ್ಲಿತ್ತು. ದಿನವೂ ಮಸೆದು ಮಸೆದು ಅಲಗು ಅರ್ಧಕ್ಕೆ ಬಂದಿದೆ. ಬುಡದ ಬಳಿ ಹೆಚ್ಚು ಸವೆದಿದೆ, ತುದಿಯಲ್ಲಿ ಕಡಿಮೆ. ಒಂದೇ ಬದಿಗೆ ಮಸೆದ ಗುರುತಿದೆ. ಹಿಡಿಗೆ ಸುತ್ತಿದ ಸೈಕಲ್ ಟ್ಯೂಬಿನ ಮೇಲೆ ನಾಲ್ಕು ಬೆರಳಿನ ತಗ್ಗು ಬಿದ್ದಿದೆ. ಗ್ರೈಂಡರಿಗೆ ಒಂದು ಕ್ಷಣ ಮುಟ್ಟಿಸಿದೆ, ಕಿಡಿ ಹೂ ಬಿಟ್ಟಿತು: ಕಮಾನ್ ಪಟ್ಟಿ. 'ಅಕ್ಕಾ, ಇದಕ್ಕೆ ಎಷ್ಟು ಕೊಡಲಿ?' ಎಂದು ಕೇಳಿದ್ದಕ್ಕೆ ಅವರು ನಕ್ಕು, 'ರೊಕ್ಕ ಬೇಡ, ನಾಳೆ ಬೆಳಗಾದರೆ ಕಡಿಯಬೇಕು, ಹೊಸದೊಂದು ಕೊಡಿಸಿಬಿಡು ತಮ್ಮಾ' ಎಂದರು.

ಬೆಲೆ: ಒಂದು ಹೊಸ ಕೊಯ್ತಾ.